ಕೂತು ಕೇಳುವುದೋ, ಸೇರಿ ಹಾಡುವುದೋ?

ಮೈ ಜುಮ್ಮೆನ್ನಿಸುವ ಸಂಗೀತ ಬೇಕು, ಎಲ್ಲಿಗೆ ಹೋಗಲಿ ಎನ್ನುವವರ ಮುಂದೆ ಎರಡು ದಾರಿಗಳಿವೆ: ಭಕ್ತಿಸಂಗೀತದ ಕಛೇರಿ, ಇಲ್ಲವೇ ಎಲ್ಲರೂ ದನಿಗೂಡಿಸುವ ಸಾಮೂಹಿಕ ಪ್ರಾರ್ಥನೆ.

ಕಛೇರಿಯಲ್ಲಿ ರೋಮಾಂಚನ ತರುವುದು ಅನಿರೀಕ್ಷಿತ ತಿರುವು: ತಗ್ಗಿದ ದನಿ ಒಮ್ಮೆಲೇ ಏರುವುದು, ಹೊಸ ಕಂಠವೊಂದು ಬಂದು ಸೇರುವುದು. ಧ್ವನಿವರ್ಧಕದ ಪಕ್ಕ ಮಾತ್ರ ಕೂರಬೇಡಿ. 100 ಡೆಸಿಬೆಲ್ ಸದ್ದಿಗೆ ಕಿವಿಯೊಡ್ಡುವ ಸುರಕ್ಷಿತ ಮಿತಿ ಸುಮಾರು 15 ನಿಮಿಷ.

ಸಾಮೂಹಿಕ ಗಾಯನದ ಬಗೆಯೇ ಬೇರೆ. ಉದ್ದನೆಯ ಸಾಲು ಹಾಡಿ ಒಟ್ಟಿಗೆ ಉಸಿರೆಳೆದುಕೊಳ್ಳುವಾಗ ಎಲ್ಲರ ಉಸಿರಾಟ ಒಂದೇ ಲಯಕ್ಕೆ ಬೀಳುತ್ತದೆ, ಎದೆಬಡಿತವೂ ಅದನ್ನು ಹಿಂಬಾಲಿಸುತ್ತದೆ. ಸಾಲು ಮರುಕಳಿಸಿದಷ್ಟೂ ಪದ ನೆನಪಿಸಿಕೊಳ್ಳುವ ಶ್ರಮ ಕಳೆದು ಮನಸ್ಸು ಕರಗುತ್ತದೆ. ಕೆಡುವುದು ಎರಡು ಕಡೆ. ಮುಂದಾಳು ತನ್ನ ಕಂಠಕ್ಕಷ್ಟೇ ಒಗ್ಗುವ ಎತ್ತರದ ಶ್ರುತಿ ಹಿಡಿದರೆ ಎರಡನೇ ಸಾಲಿಗೇ ಜನ ಬಾಯಿ ಮುಚ್ಚುತ್ತಾರೆ. ಇನ್ನು, 34 ಮೀಟರ್ ಹಿಂದಿರುವವರಿಗೆ ದನಿ ತಲುಪಲು ಸೆಕೆಂಡಿನ ಹತ್ತನೇ ಒಂದು ಭಾಗ ಬೇಕು; ಅವರ ಚಪ್ಪಾಳೆ ಮುಂದಕ್ಕೆ ಬರುವಷ್ಟರಲ್ಲಿ ಮತ್ತೆ ಅಷ್ಟೇ ಹೊತ್ತು ಸೇರಿ ತಾಳ ಜಾರುತ್ತದೆ. ಹಾಗಾಗಿ ಮುಂಭಾಗದಲ್ಲಿ, ಗಟ್ಟಿಯಾಗಿ ಹಾಡುವವರ ನಡುವೆ ನಿಲ್ಲಿ.

ಕಂಠ ಚೆನ್ನಾಗಿಲ್ಲವೆಂಬ ಅಳುಕಿದ್ದರೂ ನಮ್ಮ ಮತ ಎರಡನೆಯದಕ್ಕೇ. ಗುಂಪಿನಲ್ಲಿ ಅಪಸ್ವರ ಮುಳುಗಿಹೋಗುತ್ತದೆ (ಮೈಕಿನ ಮುಂದೆ ಮಾತ್ರ ನಿಲ್ಲಬೇಡಿ). ಆ ನಂಬಿಕೆಯ ಮಾತುಗಳನ್ನು ಬಾಯಿಬಿಟ್ಟು ಹಾಡಲು ಮನಸ್ಸು ಒಪ್ಪದಿದ್ದರೆ, ಅಥವಾ ದುಃಖದಲ್ಲಿ ಒಬ್ಬರೇ ಅಳಬೇಕೆನಿಸಿದರೆ, ಕಛೇರಿಗೇ ಹೋಗಿ. ಅಲ್ಲಿ ಎಲ್ಲರ ಕಣ್ಣೂ ವೇದಿಕೆಯ ಮೇಲಿರುತ್ತದೆ, ನಿಮ್ಮ ಮುಖ ಯಾರೂ ನೋಡುವುದಿಲ್ಲ.