‘ರೀಸೆಟ್’ ಎಂಬ ಗುಂಡಿ ಒತ್ತುವ ಮೊದಲು ದಯವಿಟ್ಟು ಇದನ್ನು ಓದಿ

ಅಮ್ಮನ ಪಾಸ್‌ವರ್ಡ್ ಮ್ಯಾನೇಜರ್‌ನಲ್ಲಿದ್ದ ಎಪ್ಪತ್ತಕ್ಕೂ ಹೆಚ್ಚು ಪಾಸ್‌ವರ್ಡ್‌ಗಳು ಒಂದೇ ಕ್ಲಿಕ್ಕಿಗೆ ಅಳಿಸಿಹೋದವು, ಮತ್ತು ಆ ಕ್ಲಿಕ್ ಮಾಡಿದ್ದು ನಾನೇ. ಪಾಸ್‌ವರ್ಡ್ ಮ್ಯಾನೇಜರ್ ಎಂದರೆ ನಮ್ಮ ಎಲ್ಲ ಪಾಸ್‌ವರ್ಡ್‌ಗಳನ್ನೂ ಒಂದೇ ‘ಮಾಸ್ಟರ್ ಪಾಸ್‌ವರ್ಡ್’ನಿಂದ ಬೀಗ ಹಾಕಿಡುವ ಆ್ಯಪ್. ಬರೆಯಲು ನಾಚಿಕೆಯಾಗುತ್ತಿದೆ. ಆದರೂ ಮನೆಯ ಹಿರಿಯರಿಗೆ ಇಂಥ ಆ್ಯಪ್ ಹಾಕಿಕೊಡಲು ಹೊರಟವರು ನನ್ನ ಹಾಗೆ ಮೋಸಹೋಗಬಾರದೆಂದು ಬರೆಯುತ್ತಿದ್ದೇನೆ.

2022ರಲ್ಲಿ ಲಾಸ್ಟ್‌ಪಾಸ್ ಎಂಬ ಇಂಥದೇ ಆ್ಯಪ್‌ನ ಗ್ರಾಹಕರ ವಾಲ್ಟ್‌ಗಳ (ಪಾಸ್‌ವರ್ಡ್‌ಗಳನ್ನು ತುಂಬಿಟ್ಟ ತಿಜೋರಿಗಳ) ಬ್ಯಾಕಪ್ ಕಳ್ಳರ ಪಾಲಾಯಿತು. ಪಾಸ್‌ವರ್ಡ್‌ಗಳು ಎನ್‌ಕ್ರಿಪ್ಟ್ ಆಗಿದ್ದರೂ, ಅಂದರೆ ಕೀಲಿಯಿಲ್ಲದೆ ಓದಲಾಗದಂತಿದ್ದರೂ, ಜಾಲತಾಣಗಳ ವಿಳಾಸಗಳು ಯಾರು ಬೇಕಾದರೂ ಓದುವಂತಿದ್ದವು. ಆ ಸುದ್ದಿ ಮನಸ್ಸಿನಲ್ಲಿ ಕೂತಿದ್ದರಿಂದ ನಾನು ಕಳ್ಳರನ್ನಷ್ಟೇ ನೆನೆದು ಆ್ಯಪ್ ಆರಿಸಿದೆ. ಎಇಎಸ್-256 ಎಂಬ ಗಟ್ಟಿ ಎನ್‌ಕ್ರಿಪ್ಷನ್ ಇದೆಯೇ, ಮಾಸ್ಟರ್ ಪಾಸ್‌ವರ್ಡ್‌ನಿಂದ ಕೀಲಿ ತಯಾರಿಸುವಾಗ ಓವಾಸ್ಪ್ ಎಂಬ ಸುರಕ್ಷತಾ ಸಂಸ್ಥೆ ಸೂಚಿಸುವ 6,00,000 ಸುತ್ತುಗಳ ಲೆಕ್ಕಾಚಾರವಾದರೂ ನಡೆಯುತ್ತದೆಯೇ ಎಂದೆಲ್ಲ ಕೂತು ಹೋಲಿಸಿದೆ. ಅಮ್ಮ ಮರೆತರೆ ಏನು ಗತಿ ಎಂಬ ಪ್ರಶ್ನೆಯನ್ನು ಮಾತ್ರ ಸರಿಯಾಗಿ ಕೇಳಲಿಲ್ಲ. ಅವಳು ಪಾಸ್‌ವರ್ಡ್ ಬರೆದಿಟ್ಟುಕೊಂಡಿದ್ದ ನೋಟ್‌ಬುಕ್ಕನ್ನು, ಇನ್ನು ಇದು ಬೇಡ ಎಂದು ನಾನೇ ಹರಿದುಹಾಕಿದೆ.

ಅಮ್ಮ ದಿನವೂ ಬೆರಳೊತ್ತಿಯೇ ವಾಲ್ಟ್ ತೆರೆಯುತ್ತಿದ್ದಳು, ಆದ್ದರಿಂದ ತಿಂಗಳುಗಟ್ಟಲೆ ಮಾಸ್ಟರ್ ಪಾಸ್‌ವರ್ಡ್ ಟೈಪ್ ಮಾಡುವ ಸಂದರ್ಭವೇ ಬರಲಿಲ್ಲ. ಹೊಸ ಫೋನಿಗೆ ಆ್ಯಪ್ ಹಾಕಿದ ದಿನ ಅದು ಮಾಸ್ಟರ್ ಪಾಸ್‌ವರ್ಡನ್ನೇ ಕೇಳಿತು, ಅವಳಿಗೆ ನೆನಪಿಗೆ ಬರಲಿಲ್ಲ. ನಾನು ಧೈರ್ಯವಾಗಿಯೇ ಇದ್ದೆ, ಏಕೆಂದರೆ ಖಾತೆ ತೆರೆದಾಗಲೇ ನನ್ನನ್ನು ತುರ್ತು ಸಂಪರ್ಕವಾಗಿ, ಅಂದರೆ ಅವಳಿಗೆ ಆಗದಾಗ ವಾಲ್ಟ್ ತೆರೆಯಬಲ್ಲ ವ್ಯಕ್ತಿಯಾಗಿ, ಸೇರಿಸಿದ್ದೆ. ನೋಡಿದರೆ ಆ ಸೌಲಭ್ಯ ಹಣ ಕೊಡುವವರಿಗೆ ಮಾತ್ರವಂತೆ, ಪ್ರಾಯೋಗಿಕ ಅವಧಿ ಮುಗಿದ ದಿನವೇ ಅದು ನಿಂತುಹೋಗಿತ್ತು. ಆ್ಯಪ್‌ನಲ್ಲಿ ಈ ಬಗ್ಗೆ ಒಂದು ಸಾಲಿನ ಸೂಚನೆಯೂ ಕಾಣಲಿಲ್ಲ.

ಸಹಾಯ ವಿಭಾಗಕ್ಕೆ ಬರೆದೆ. ಎರಡು ದಿನ ಯಂತ್ರದ ಉತ್ತರ. ಮೂರನೆಯ ದಿನ ಒಬ್ಬರು ಬರೆದರು: “ಮಾಸ್ಟರ್ ಪಾಸ್‌ವರ್ಡ್ ನಮ್ಮ ಬಳಿ ಇರುವುದಿಲ್ಲ. ಖಾತೆಗೆ ಮತ್ತೆ ಪ್ರವೇಶ ಪಡೆಯಲು ಕೆಳಗಿನ ಲಿಂಕ್ ಒತ್ತಿ ರೀಸೆಟ್ ಮಾಡಿಕೊಳ್ಳಿ.” ಮೊದಲ ವಾಕ್ಯದ ಬಗ್ಗೆ ನನ್ನ ತಕರಾರಿಲ್ಲ. ಕೀಲಿ ನಮ್ಮ ಸಾಧನದಲ್ಲೇ ತಯಾರಾಗುತ್ತದೆ, ಕಂಪನಿಯ ಕೈಗೆ ಅದು ಸಿಗಬಾರದು, ಸಿಗುತ್ತದೆ ಎಂದಿದ್ದರೆ ನಾನು ಆ ಆ್ಯಪನ್ನು ಮುಟ್ಟುತ್ತಲೇ ಇರಲಿಲ್ಲ. ನನ್ನ ಸಿಟ್ಟು ಎರಡನೆಯ ವಾಕ್ಯದ ಮೇಲೆ. ಬೇರೆಲ್ಲ ಕಡೆ ರೀಸೆಟ್ ಎಂದರೆ ಹಳೆಯ ಪಾಸ್‌ವರ್ಡ್ ಹೋಗಿ ಹೊಸದು ಬರುತ್ತದೆ, ಒಳಗಿನದು ಹಾಗೆಯೇ ಉಳಿಯುತ್ತದೆ. ಆ ಅಭ್ಯಾಸಬಲದಿಂದ ನಾನು ಒತ್ತಿದೆ.

ಪ್ರವೇಶ ಸಿಕ್ಕಿತು. ಹೊಸ ಪಾಸ್‌ವರ್ಡ್ ಹಾಕಿದೆ, ವಾಲ್ಟ್ ತೆರೆಯಿತು, ಬಿಳಿ ಪರದೆಯ ನಡುವೆ “ಇಲ್ಲಿ ಇನ್ನೂ ಏನೂ ಇಲ್ಲ, ಮೊದಲ ಪಾಸ್‌ವರ್ಡ್ ಸೇರಿಸಿ” ಎಂದಿತ್ತು. ಸಿಂಕ್ ಆಗಲು ಹೊತ್ತು ಬೇಕೇನೋ ಎಂದು ಕಾದೆ. ಪರದೆಯನ್ನು ಎಳೆದೆಳೆದು ಬಿಟ್ಟೆ. ಪಕ್ಕದಲ್ಲಿ ಕೂತಿದ್ದ ಅಮ್ಮ “ಎಲ್ಲಿ, ಬಂತಾ?” ಎಂದು ಎರಡು ಸಲ ಕೇಳಿದಳು. ನನಗೆ ಉತ್ತರ ಕೊಡಲಾಗಲಿಲ್ಲ.

ಮತ್ತೆ ಬರೆದಾಗ ಬಂದ ಉತ್ತರ: “ಖಾತೆಯನ್ನು ಆರಂಭಿಕ ಸ್ಥಿತಿಗೆ ತರಲಾಗುವುದು ಎಂಬ ಸೂಚನೆಗೆ ನೀವು ಒಪ್ಪಿಗೆ ನೀಡಿದ್ದೀರಿ.” ಆರಂಭಿಕ ಸ್ಥಿತಿ! ಅಳಿಸುತ್ತೇವೆ ಎಂಬ ಒಂದು ಪದ ಬರೆಯಲು ಇವರಿಗೆ ಏನು ಅಡ್ಡಿಯಾಗಿತ್ತು? ಇದಕ್ಕಿಂತ ಹೆಚ್ಚು ನೋವಾಗಿದ್ದು ಅದರ ಮುಂದಿನ ಸಾಲಿನಿಂದ: “ಹಳೆಯ ಸಾಧನದಲ್ಲಿ ಲಾಗಿನ್ ಉಳಿದಿದ್ದರೆ, ರೀಸೆಟ್‌ಗೆ ಮೊದಲು ಅದನ್ನು ಬೆರಳಚ್ಚಿನಿಂದ ತೆರೆದು ಪಾಸ್‌ವರ್ಡ್‌ಗಳನ್ನು ನಕಲು ಮಾಡಿಕೊಳ್ಳಬಹುದಿತ್ತು.” ಮಾಡಿಕೊಳ್ಳಬಹುದಿತ್ತು. ಅಮ್ಮನ ಹಳೆಯ ಫೋನ್ ಆ ಮೂರೂ ದಿನ ಮೇಜಿನ ಡ್ರಾಯರ್‌ನಲ್ಲೇ ಇತ್ತು, ಲಾಗಿನ್ ಆಗಿಯೇ ಇತ್ತು. ಲಿಂಕ್ ಕಳುಹಿಸುವ ಮೊದಲು, ಬೇರೆ ಫೋನಿನಲ್ಲಿ ತೆರೆದಿದೆಯೇ ಎಂದು ಅವರು ಒಂದು ಮಾತು ಕೇಳಿದ್ದರೆ ಸಾಕಿತ್ತು. ನನಗೆ ಹೊಳೆಯಲಿಲ್ಲ, ನಿಜ, ಆದರೆ ಇದು ಅವರ ದಿನನಿತ್ಯದ ಕೆಲಸವಲ್ಲವೇ? ನಾನು ಓಡಿಹೋಗಿ ಆ ಫೋನ್ ಆನ್ ಮಾಡುವಷ್ಟರಲ್ಲಿ ಅದೂ ಲಾಗ್‌ಔಟ್ ಆಗಿತ್ತು.

ಅಮ್ಮನ ಇಮೇಲ್ ಪಾಸ್‌ವರ್ಡ್ ಕೂಡ ಆ ವಾಲ್ಟ್‌ನೊಳಗೇ ಇತ್ತು. ಫೋನಿನಲ್ಲಿ ಮೇಲ್ ಬರುತ್ತಿದ್ದುದರಿಂದ ರೀಸೆಟ್ ಲಿಂಕೇನೋ ಸಿಕ್ಕಿತ್ತು, ಆದರೆ ಅದೇ ವಾರ ಮೇಲ್ ಮತ್ತೆ ಪಾಸ್‌ವರ್ಡ್ ಕೇಳಿ ನಿಂತುಬಿಟ್ಟಿತು. ಉಳಿದ ಖಾತೆಗಳಿಗೆ ಪಾಸ್‌ವರ್ಡ್ ಬದಲಿಸುವ ಲಿಂಕ್‌ಗಳೆಲ್ಲ ಆ ಇಮೇಲಿಗೇ ಹೋಗುತ್ತಿದ್ದವು. ಎರಡು ಹಂತದ ಲಾಗಿನ್‌ಗೆ ಕೊಟ್ಟಿದ್ದ ಬ್ಯಾಕಪ್ ಕೋಡ್‌ಗಳನ್ನೂ ನಾನು ವಾಲ್ಟ್‌ನ ಟಿಪ್ಪಣಿಯಲ್ಲೇ ಇಟ್ಟಿದ್ದೆ. ಇಮೇಲ್ ಮರಳಿ ಪಡೆಯಲು ಒಂಬತ್ತು ದಿನ ಹಿಡಿಯಿತು.

ಹೀಗಾಗಿ ಆ್ಯಪ್ ಆರಿಸುವ ಮೊದಲು ಮರೆತವರಿಗೆ ದಾರಿ ಏನು, ಆ ದಾರಿಗೆ ಹಣ ಕೊಡಬೇಕೇ ಎಂಬುದನ್ನು ನೋಡಿ. ಒನ್‌ಪಾಸ್‌ವರ್ಡ್‌ನ ಕುಟುಂಬ ಯೋಜನೆಯಲ್ಲಿ ಅದನ್ನು ನಡೆಸುವವರು ಉಳಿದ ಸದಸ್ಯರ ಖಾತೆಯನ್ನು ಮರಳಿ ತೆರೆದುಕೊಡಬಹುದು. ಬಿಟ್‌ವಾರ್ಡನ್‌ನಲ್ಲಿ ತುರ್ತು ಸಂಪರ್ಕವನ್ನು ನೇಮಿಸಲು ಹಣ ಕೊಡುವ ಖಾತೆಯೇ ಬೇಕು. ಕೀಪಾಸ್‌ನಂತೆ ಫೈಲ್ ನಿಮ್ಮಲ್ಲೇ ಇರುವ ತಂತ್ರಾಂಶದಲ್ಲಿ ಮರೆತರೆ ಕೇಳಲು ಯಾರೂ ಇಲ್ಲ. ಯಾವುದೇ ಇರಲಿ, ಮಾಸ್ಟರ್ ಪಾಸ್‌ವರ್ಡನ್ನು ಕಾಗದದ ಮೇಲೆ ಬರೆದು ಮನೆಯಲ್ಲಿ ಭದ್ರವಾಗಿಡಿ, ಇಮೇಲ್ ಪಾಸ್‌ವರ್ಡನ್ನೂ ಬ್ಯಾಕಪ್ ಕೋಡ್‌ಗಳನ್ನೂ ಅದರ ಜೊತೆಗೇ ಇಡಿ. ಬರೆದಿಡಬೇಡಿ ಎಂದು ನನ್ನ ಹಾಗೆ ಹಿರಿಯರಿಗೆ ಉಪದೇಶ ಮಾಡಬೇಡಿ.

ಕಂಪನಿಯವರು ನನ್ನ ದೂರನ್ನು ‘ಪರಿಹರಿಸಲಾಗಿದೆ’ ಎಂದು ಗುರುತಿಸಿ ಮುಚ್ಚಿದರು, ನಾನು ಮತ್ತೆ ತೆರೆದೆ, ಮತ್ತೆ ಮುಚ್ಚಿದರು. ಅಮ್ಮನ ಎರಡು ಖಾತೆಗಳು ಇವತ್ತಿಗೂ ಸಿಕ್ಕಿಲ್ಲ. ಅವಳು ಹೊಸ ನೋಟ್‌ಬುಕ್ ತಂದು ಬರೆಯಲು ಶುರುಮಾಡಿದ್ದಾಳೆ.