ಮೂರು ವರ್ಷ ಚಂದಾ ಕಟ್ಟಿ ಅತ್ತೆಯ ಮೂಲಪುರುಷನನ್ನು ಹುಡುಕಿದ್ದು

ಚಿಕ್ಕವಳಿದ್ದಾಗ ನಮ್ಮೂರಿಗೆ ಹೆಳವರು ಬರುತ್ತಿದ್ದರು. ಎತ್ತಿನ ಮೇಲೆ ಬಂದು, ಮನೆ ಮುಂದೆ ನಿಂತು, ಅಜ್ಜ, ಮುತ್ತಜ್ಜ, ಅವರಪ್ಪ ಅಂತ ಗಡಗಡ ಹೇಳಿ, ಒಂದಿಷ್ಟು ಜೋಳ ಹಾಕಿಸಿಕೊಂಡು ಹೋಗುತ್ತಿದ್ದರು. ಮದುವೆಯಾಗಿ ಮಾಂಟ್ರಿಯಲ್‌ಗೆ ಬಂದ ಮೇಲೆ ನೋಡಿದರೆ ಇಲ್ಲಿ ಆ ಕೆಲಸಕ್ಕೆ ವೆಬ್‌ಸೈಟ್. ಜೋಳದ ಬದಲು ಕ್ರೆಡಿಟ್ ಕಾರ್ಡ್.

ನನ್ನ ಗಂಡನ ಮನೆಯವರು ಕ್ವಿಬೆಕ್‌ನ ಫ್ರೆಂಚರು. ಅತ್ತೆಯ ತವರಿನ ಹೆಸರು ಲಾಫ್ಲರ್, ಅಂದರೆ ಹೂವು. ಫ್ರಾನ್ಸಿನಿಂದ ಮೊದಲು ಬಂದವನು ಯಾರು, ಯಾವ ಊರಿನವನು ಅಂತ ಅವರಿಗೆ ತಿಳಿಯಬೇಕಿತ್ತು. ಹುಟ್ಟುಹಬ್ಬದ ಉಡುಗೊರೆ ಅಂತ ಒಂದು ಸೈಟಿಗೆ ಚಂದಾ ಕಟ್ಟಿದೆ. ನಮ್ಮ ಮನೆಯ ಎರಡು ವಾರದ ದಿನಸಿ ಖರ್ಚಿನಷ್ಟು. ಸೈಟಿನ ಹೆಸರು ಬೇಡ ಬಿಡಿ. ಎಷ್ಟು ಕೋಟಿ ದಾಖಲೆ ಇದೆ ಅನ್ನೋದನ್ನು ಎಲ್ಲರೂ ಜಾಹೀರಾತಿನಲ್ಲೇ ಕೂಗುತ್ತಾರೆ.

ನನಗೆ ತಲೆ ಕೆಟ್ಟಿದ್ದು ಅದರ ಹುಡುಕಾಟದ ಪೆಟ್ಟಿಗೆ. ಅದಕ್ಕೆ ಅಡ್ಡಹೆಸರು ಅಂದರೇನು ಅಂತಲೇ ಗೊತ್ತಿಲ್ಲ. 1665ರಲ್ಲಿ ಫ್ರಾನ್ಸಿನ ಕರಿನ್ಯಾನ್-ಸಾಲಿಯೇರ್ ರೆಜಿಮೆಂಟಿನ ಸುಮಾರು 1200 ಸೈನಿಕರು ಹಡಗಿನಲ್ಲಿ ಇಲ್ಲಿಗೆ ಬಂದರು. 400ರಷ್ಟು ಜನ ಇಲ್ಲೇ ಉಳಿದರು. ಸೈನ್ಯದಲ್ಲಿ ಕರೆಯೋಕೆ ಬೇರೆ ಹೆಸರು: ಲಾಫ್ಲರ್, ಲಾತುಲಿಪ್, ಸಾನ್‌ಸೂಸಿ (ಚಿಂತೆಯಿಲ್ಲದವನು). ಪಾದ್ರಿಗಳು ರಿಜಿಸ್ಟರಿನಲ್ಲಿ 'ಇಂಥವನು ದೀ ಲಾಫ್ಲರ್' ಅಂತ ಬರೆಯುತ್ತಿದ್ದರು. ದೀ ಅಂದರೆ ನಮ್ಮ ಉರುಫ್. ಮೊಮ್ಮಕ್ಕಳ ಕಾಲಕ್ಕೆ ಅಣ್ಣ ಮೊದಲ ಹೆಸರು ಇಟ್ಟುಕೊಂಡ, ತಮ್ಮ ಎರಡನೆಯದು. ಒಂದಕ್ಕೊಂದು ಸಂಬಂಧವೇ ಇಲ್ಲದ ಎಷ್ಟೋ ಮನೆಗಳು ಲಾಫ್ಲರ್ ಆದವು. ಉಳ್ಳಾಗಡ್ಡಿ, ಮೆಣಸಿನಕಾಯಿ ಅಂತ ಅಡ್ಡಹೆಸರು ಕೇಳಿ ಬೆಳೆದ ನನಗೆ ಇದು ಐದು ನಿಮಿಷದಲ್ಲಿ ಅರ್ಥವಾಯಿತು. ಸೈಟಿಗೆ ಮೂರು ವರ್ಷವಾದರೂ ಆಗಲಿಲ್ಲ.

ಇನ್ನೊಂದು ಕೇಳಿ. ಹಳೇ ಪಾದ್ರಿಗಳು ಸೆಪ್ಟೆಂಬರ್‌ಗೆ '7ಬ್ರ್' ಅಂತ ಬರೆಯುತ್ತಿದ್ದರು. ಫ್ರೆಂಚಿನಲ್ಲಿ 'ಸೆಪ್ಟ್' ಅಂದರೆ ಏಳು, ಅದಕ್ಕೆ. ಸೈಟಿನ ಸೂಚಿಯಲ್ಲಿ ಅಂಥ ಒಂದು ಮಗು ಜುಲೈನಲ್ಲಿ ಹುಟ್ಟಿತ್ತು. ಅದರ ಅಣ್ಣ ಹುಟ್ಟಿ ಆಗ ಎಂಟೇ ತಿಂಗಳು! ತಪ್ಪು ಅಂತ ಬರೆದು ಕಳಿಸಿದೆ. ಉತ್ತರ ಬರಲಿಲ್ಲ. ವರ್ಷ ತಿರುಗುತ್ತಿದ್ದಂತೆ ಕಾರ್ಡಿನಿಂದ ದುಡ್ಡು ಮಾತ್ರ ತಾನಾಗಿಯೇ ಹೋಯಿತು.

ದುಡ್ಡು ಹೋಯಿತಲ್ಲ ಅಂತ ಸಿಟ್ಟಿಗೆ ಹುಡುಕಾಟ ಬಿಟ್ಟು, ಸೈಟಿನಲ್ಲಿರುವ ಹಳೇ ಚರ್ಚ್ ರಿಜಿಸ್ಟರುಗಳ ಚಿತ್ರಗಳನ್ನೇ ಸುಮ್ನೆ ಪುಟ ಪುಟ ತಿರುಗಿಸೋಕೆ ಶುರು ಮಾಡಿದೆ. ಒಂದು ಚರ್ಚು, ಒಂದು ವರ್ಷ, ಮೊದಲ ಪುಟದಿಂದ. ರಾತ್ರಿ ಪಾತ್ರೆ ತೊಳೆದು, ಬೆಳಗ್ಗೆಗೆ ಡಿಕಾಕ್ಷನ್ ಇಳಿಯೋಕೆ ಬಿಟ್ಟು, ಲ್ಯಾಪ್‌ಟಾಪ್ ತೆರೆಯುವುದು. ದಿನಕ್ಕೆ ಹತ್ತು ಪುಟ, ಜಾಸ್ತಿ ಇಲ್ಲ. ದೀಕ್ಷಾಸ್ನಾನ, ಮದುವೆ, ಹೂಳಿದ್ದು, ಎಲ್ಲ ಒಂದೇ ಪುಸ್ತಕದಲ್ಲಿ ಕಲಸಿಕೊಂಡು ಬರುತ್ತವೆ. 1940ರ ದಶಕದ ಮೈಕ್ರೋಫಿಲ್ಮಿನ ಚಿತ್ರಗಳು, ಆದರೂ ಮಸಿ ಹರಡಿದ ಜಾಗ ಕೂಡ ಕಾಣುತ್ತದೆ. ತಿಂಗಳೊಳಗೆ ಪಾದ್ರಿಯ ಕೈಬರಹ ಮನೆಯವರದೇ ಅನ್ನುವಷ್ಟು ಪರಿಚಯವಾಯಿತು. ಒಂದು ಕಡೆ ಹೆಸರೇ ಇಲ್ಲದ ಕೂಸು: ಜೀವ ಹೋಗುವ ಹಾಗಿದೆ ಅಂತ ಸೂಲಗಿತ್ತಿಯೇ ಮನೆಯಲ್ಲಿ ನೀರು ಹಾಕಿ ದೀಕ್ಷೆ ಕೊಟ್ಟಿದ್ದಾಳೆ. ಎರಡು ಸಾಲು ಬರಹ, ಮುಗಿಯಿತು. ಅವತ್ತು ಹತ್ತು ಪುಟ ಆಗಲಿಲ್ಲ.

ನನಗೆ ಖುಷಿ ಕೊಟ್ಟಿದ್ದು ಹೆಂಗಸರ ಹೆಸರು. ಎಂಟು ಹೆತ್ತು, ಮುದುಕಿಯಾಗಿ ಸತ್ತರೂ ಅವಳನ್ನು ತವರಿನ ಹೆಸರಲ್ಲೇ ಬರೆಯುತ್ತಾರೆ. ತಾಯಿಯ ಕಡೆ ಹುಡುಕುವವರಿಗೆ ಇದಕ್ಕಿಂತ ಉಪಕಾರ ಇಲ್ಲ.

ಹಾಗೆ ತಿರುಗಿಸುವಾಗಲೇ ಒಂದು ಮದುವೆಯ ದಾಖಲೆಯಲ್ಲಿ ಅತ್ತೆಯ ಮನೆತನದ ಮೂಲ ಹೆಸರು, ಲಾಫ್ಲರ್ ಎರಡೂ ಒಟ್ಟಿಗೆ ಸಿಕ್ಕವು. ಅಲ್ಲಿಂದ ಮಾಂಟ್ರಿಯಲ್ ವಿಶ್ವವಿದ್ಯಾಲಯದವರು ಹಳೇ ಕ್ವಿಬೆಕ್ ಕುಟುಂಬಗಳ ದಾಖಲೆ ಸೇರಿಸಿಟ್ಟಿರುವ ಪಿಆರ್‌ಡಿಎಚ್ ಅನ್ನೋ ಸೈಟಿಗೆ ಹೋದೆ. ಅದಕ್ಕೂ ದುಡ್ಡು ಕೊಡಬೇಕು, ಆದರೆ ಉರುಫ್ ಅರ್ಥವಾಗುತ್ತದೆ, ಕುಟುಂಬ ಕುಟುಂಬವೇ ಜೋಡಿಸಿಟ್ಟಿದ್ದಾರೆ. ಒಂದೇ ಸಂಜೆಯಲ್ಲಿ 1670ರ ದಶಕಕ್ಕೆ, ಮೂಲಪುರುಷನ ಮದುವೆಗೇ ಇಳಿದೆ. ಹುಡುಗಿ, ರಾಜ 14ನೇ ಲೂಯಿ ಖರ್ಚಿನಲ್ಲಿ 1663ರಿಂದ 1673ರವರೆಗೆ ಕಳಿಸಿದ 800ಕ್ಕೆ ಹತ್ತಿರದಷ್ಟು ಹೆಣ್ಣುಮಕ್ಕಳಲ್ಲಿ ಒಬ್ಬಳು. ಹುಡುಗ ಫ್ರಾನ್ಸಿನ ಲಾ ರೋಶೆಲ್ ಡಯಾಸಿಸ್‌ನವನು (ಅಂದರೆ ಅಲ್ಲಿನ ಬಿಷಪ್ಪರ ವ್ಯಾಪ್ತಿಯವನು), ಚರ್ಚಿನ ಹೆಸರೂ ಇದೆ. ಇಬ್ಬರಿಗೂ ಸಹಿ ಹಾಕೋಕೆ ಬರಲ್ಲ ಅಂತ ಪಾದ್ರಿ ಕೊನೆಗೆ ಬರೆದಿದ್ದಾರೆ.

ಅತ್ತೆಗೆ ತೋರಿಸಿದೆ. ಆ ಸಾಲಿನ ಮೇಲೆ ಬೆರಳಿಟ್ಟು ಎರಡು ಸಲ ಓದಿದರು.

ಫ್ರಾನ್ಸಿನ ಕಡೆ ಹುಡುಕೋಕೆ ಚಂದಾ ಬೇಕಾಗಲಿಲ್ಲ. ಲಾ ರೋಶೆಲ್ ಇರುವ ಶರಾಂತ್-ಮಾರಿಟೀಮ್ ಜಿಲ್ಲೆಯ ದಾಖಲೆ ಕಚೇರಿ ಹಳೇ ರಿಜಿಸ್ಟರುಗಳನ್ನು ಪುಕ್ಕಟೆಯಾಗಿ ಹಾಕಿದೆ. ಅವನು ಹುಟ್ಟಿದ ವರ್ಷಗಳ ಪುಸ್ತಕವೇ ಉಳಿದಿಲ್ಲ, ಅದು ಬೇರೆ ಮಾತು. ಈಗ ಅವನ ತಂಗಿ ಯಾರಾದರೂ ಇದ್ದಳಾ ಅಂತ ಮುಂದಿನ ಪುಸ್ತಕ ತಿರುಗಿಸುತ್ತಿದ್ದೇನೆ.

ಚಂದಾ ಕಟ್ಟಿದ ಆ ಸೈಟಿಗೆ ಐದಕ್ಕೆ ಎರಡು ಸ್ಟಾರ್, ಆ ಎರಡೂ ಸ್ಟಾರ್ ರಿಜಿಸ್ಟರಿನ ಚಿತ್ರಗಳಿಗೆ. ಮಾರ್ಚ್‌ನಲ್ಲಿ ನಾನು ಚಂದಾ ನಿಲ್ಲಿಸಿದೆ. ಏಪ್ರಿಲ್‌ನಲ್ಲಿ ಅತ್ತೆ ತಮ್ಮ ಕಾರ್ಡಿನಿಂದ ಕಟ್ಟಿದ್ದಾರೆ, ಅವರಪ್ಪನ ತಾಯಿಯ ಕಡೆ ನೋಡಬೇಕಂತೆ. ಪಾಸ್‌ವರ್ಡ್ ನನಗೂ ಕೊಟ್ಟಿದ್ದಾರೆ.