ಸೆನ್ಸರ್ ಧೂಳು: ಊದುವುದೋ, ಅಂಟಿಸಿ ಎತ್ತುವುದೋ, ಒರೆಸುವುದೋ?

ಲೆನ್ಸ್ ಬದಲಿಸಿದರೂ ಆಕಾಶದ ಅದೇ ಮೂಲೆಯಲ್ಲಿ ಅದೇ ಬೂದು ಚುಕ್ಕೆ ಕಾಣುತ್ತಿದ್ದರೆ ಅದು ಸೆನ್ಸರ್, ಅಂದರೆ ಕ್ಯಾಮೆರಾದೊಳಗೆ ಚಿತ್ರ ಹಿಡಿಯುವ ಚಿಪ್, ಅದರ ಮೇಲಿನ ಧೂಳು. ಮನೆಯಲ್ಲೇ ಅದನ್ನು ತೆಗೆಯಲು ಐದು ದಾರಿಗಳಿವೆ: ಕ್ಯಾಮೆರಾದೊಳಗಿನ ಕಂಪನ, ರಬ್ಬರ್ ಬ್ಲೋವರ್, ಜೆಲ್ ಕಡ್ಡಿ, ಬ್ರಷ್, ದ್ರವ ಹಾಕಿದ ಸ್ವಾಬ್ (ತುದಿಗೆ ಬಟ್ಟೆ ಸುತ್ತಿದ ಚಪ್ಪಟೆ ಕಡ್ಡಿ). ಎಪಿಎಸ್-ಸಿ (ಚಿಕ್ಕ ಸೆನ್ಸರಿನ) ಡಿಎಸ್‌ಎಲ್‌ಆರ್, ಅಂದರೆ ಒಳಗೆ ಕನ್ನಡಿ ಇರುವ ಕ್ಯಾಮೆರಾ, ಮತ್ತು ಫುಲ್‌ಫ್ರೇಮ್ (ದೊಡ್ಡ ಸೆನ್ಸರಿನ) ಮಿರರ್‌ಲೆಸ್, ಅಂದರೆ ಕನ್ನಡಿ ಇಲ್ಲದ ಕ್ಯಾಮೆರಾ, ಎರಡರ ಮೇಲೂ ಐದನ್ನೂ ಬಳಸಿ ನೋಡಿದ ಮೇಲೆ ನಮ್ಮ ತೀರ್ಮಾನ ಹೀಗಿದೆ. ಮನೆಯಲ್ಲಿ ಇರಬೇಕಾದ್ದು ಒಂದು ಒಳ್ಳೆಯ ಬ್ಲೋವರ್, ಜೊತೆಗೆ ಸರಿಯಾದ ಅಗಲದ ಸ್ವಾಬ್‌ಗಳು. ಜೆಲ್ ಕಡ್ಡಿ ಡಿಎಸ್‌ಎಲ್‌ಆರ್ ಇದ್ದವರಿಗೆ ಉಪಯೋಗಕ್ಕೆ ಬರುತ್ತದೆ. ಬ್ರಷ್ ಬೇಡ.

ಮೊದಲು ಒಂದು ಹೆದರಿಕೆಯನ್ನು ಕಳೆದುಕೊಳ್ಳಬೇಕು. ಸ್ವಾಬ್ ಮುಟ್ಟುವುದು ಸೆನ್ಸರನ್ನಲ್ಲ, ಅದರ ಮುಂದೆ ಕೂರಿಸಿರುವ ಫಿಲ್ಟರ್ ಗಾಜನ್ನು. ಧೂಳು ಕೂತಿರುವುದೂ ಆ ಗಾಜಿನ ಮೇಲೆಯೇ, ಅಂದರೆ ಚಿತ್ರ ಮೂಡುವ ಮೇಲ್ಮೈಗಿಂತ ಸ್ವಲ್ಪ ಮುಂದೆ. ಎಫ್/2ರಲ್ಲಿ ಧೂಳು ಕಾಣದೆ ಎಫ್/16ರಲ್ಲಿ ಎದ್ದು ಕಾಣುವುದು ಇದರಿಂದಲೇ (ಎಫ್ ಸಂಖ್ಯೆ ಲೆನ್ಸಿನೊಳಗೆ ಬೆಳಕು ಬರುವ ಕಿಂಡಿಯ ಅಳತೆ, ಸಂಖ್ಯೆ ಹೆಚ್ಚಾದಷ್ಟೂ ಕಿಂಡಿ ಚಿಕ್ಕದು). ಗಾಜಿನ ಮೇಲ್ಮೈ 2 ಮಿ.ಮೀ. ಮುಂದಿದೆ ಎಂದುಕೊಂಡರೆ, ಎಫ್/2ರಲ್ಲಿ ಒಂದು ಬಿಂದುವಿಗೆ ಬರುವ ಬೆಳಕಿನ ಶಂಕು ಅಲ್ಲಿ ಸುಮಾರು 1 ಮಿ.ಮೀ. ಅಗಲ ಇರುತ್ತದೆ. ಸಣ್ಣ ಕಣ ಅದರಲ್ಲಿ ತಡೆಯುವ ಬೆಳಕು ಲೆಕ್ಕಕ್ಕೇ ಬರುವುದಿಲ್ಲ. ಎಫ್/16ರಲ್ಲಿ ಅದೇ ಶಂಕು ಸುಮಾರು 0.125 ಮಿ.ಮೀ.ಗೆ ಇಳಿಯುತ್ತದೆ, ಆಗ ಕಣದ ನೆರಳು ಗಟ್ಟಿಯಾಗಿ ಬೀಳುತ್ತದೆ. ಮದುವೆ ಮನೆಯಲ್ಲಿ ಎಫ್/2.8ರಲ್ಲೇ ತೆಗೆಯುವವರಿಗೆ ವರ್ಷಗಟ್ಟಲೆ ಗೊತ್ತಾಗದ ಧೂಳು, ಬೆಟ್ಟದ ಮೇಲೆ ನಿಂತು ಎಫ್/11ರಲ್ಲಿ ತೆಗೆಯುವವರಿಗೆ ಮೊದಲ ದಿನವೇ ಕಾಣುತ್ತದೆ.

ಪರೀಕ್ಷೆಯ ಚಿತ್ರ ತೆಗೆಯದೆ ಯಾವ ವಿಧಾನಕ್ಕೂ ಕೈ ಹಾಕಬೇಡಿ. ಅಪರ್ಚರ್ ಪ್ರಯಾರಿಟಿ (ಎಫ್ ಸಂಖ್ಯೆ ನಾವು ಇಟ್ಟು, ಶಟರ್ ವೇಗವನ್ನು ಕ್ಯಾಮೆರಾಕ್ಕೆ ಬಿಡುವ ಮೋಡ್), ಎಫ್/16, ಐಎಸ್‌ಒ 100. ಫೋಕಸ್ ಮ್ಯಾನುವಲ್‌ಗೆ ಹಾಕಿ, ಹತ್ತಿರದ ಬಿಳಿ ಗೋಡೆ ಮಸುಕಾಗಿ ಕಾಣುವಂತೆ ರಿಂಗ್ ತಿರುಗಿಸಿ. ಗೋಡೆ ಬೆಳ್ಳಗೇ ಬರಲು ಎಕ್ಸ್‌ಪೋಷರನ್ನು ಒಂದು ಸ್ಟಾಪ್, ಅಂದರೆ ಬೆಳಕು ಎರಡರಷ್ಟಾಗುವಂತೆ, ಏರಿಸಿ. ಶಟರ್ ಒಂದೆರಡು ಸೆಕೆಂಡು ತೆರೆದಿರುವಾಗ ಕ್ಯಾಮೆರಾವನ್ನು ಸ್ವಲ್ಪ ಅತ್ತಿತ್ತ ಆಡಿಸಿದರೆ ಗೋಡೆಯ ಕಲೆಗಳೆಲ್ಲ ಕಲಸಿಹೋಗಿ, ಸೆನ್ಸರ್ ಜೊತೆಗೇ ಚಲಿಸುವ ಧೂಳಿನ ಚುಕ್ಕೆ ಮಾತ್ರ ಉಳಿಯುತ್ತದೆ. ಕಂಪ್ಯೂಟರಿನಲ್ಲಿ ಕಾಂಟ್ರಾಸ್ಟ್ ಏರಿಸಿ ನೋಡಿ. ಚುಕ್ಕೆ ಎಲ್ಲಿದೆ ಎಂದು ಹುಡುಕುವಾಗ ಒಂದು ಮಾತು ನೆನಪಿರಲಿ: ಕ್ಯಾಮೆರಾವನ್ನು ನೆಟ್ಟಗೆ ಇಟ್ಟು ಎದುರಿನಿಂದ ನೋಡಿದಾಗ, ಚಿತ್ರದ ಮೇಲಿನ ಎಡಮೂಲೆಯ ಧೂಳು ಸೆನ್ಸರಿನ ಕೆಳಗಿನ ಎಡಮೂಲೆಯಲ್ಲಿರುತ್ತದೆ. ಮೇಲೆ ಕೆಳಗು ತಿರುಗುತ್ತದೆ, ಎಡಬಲ ಹಾಗೇ ಇರುತ್ತದೆ. ಇದನ್ನು ತಪ್ಪಿದವರು ಜೆಲ್ ಕಡ್ಡಿಯನ್ನು ಇಲ್ಲದ ಧೂಳಿನ ಮೇಲೆ ಒತ್ತುತ್ತಲೇ ಇರುತ್ತಾರೆ.

ಕೋಣೆಯ ಸಿದ್ಧತೆಗೆ ಹೆಚ್ಚು ಹೇಳಬೇಕಿಲ್ಲ. ನೆಲ ಒದ್ದೆ ಬಟ್ಟೆಯಲ್ಲಿ ಒರೆಸಿ, ಫ್ಯಾನ್ ನಿಲ್ಲಿಸಿ, ಕಿಟಕಿ ಮುಚ್ಚಿ ಇಪ್ಪತ್ತು ನಿಮಿಷ ಬಿಡಿ. ಊದುಬತ್ತಿ ಉರಿಯುವ ದೇವರ ಕೋಣೆಯ ಪಕ್ಕ, ಒಗ್ಗರಣೆ ಹೊಗೆ ಬರುವ ಅಡುಗೆಮನೆಯ ಹತ್ತಿರ ಬೇಡ. ಬಚ್ಚಲಲ್ಲಿ ಬಿಸಿನೀರಿನ ಹಬೆ ಎಬ್ಬಿಸಿ ಧೂಳು ಕೂರಿಸುವ ಉಪಾಯ ಬಳ್ಳಾರಿ, ವಿಜಯಪುರದ ಬೇಸಿಗೆಗೆ ಸರಿ. ಮಳೆಗಾಲದ ಮಲೆನಾಡಿನಲ್ಲೋ ಕರಾವಳಿಯಲ್ಲೋ ಹಾಗೆ ಮಾಡಿದರೆ ಗಾಜಿನ ಮೇಲೆ ತೇವ ಕೂತು ಕೆಲಸ ಕೆಡುತ್ತದೆ.

ಈಗ ವಿಧಾನಗಳಿಗೆ ಬರೋಣ. ಕ್ಯಾಮೆರಾದೊಳಗಿನ ಕಂಪನಕ್ಕೆ ಖರ್ಚಿಲ್ಲ, ಅಪಾಯವೂ ಇಲ್ಲ. 2003ರ ಒಲಿಂಪಸ್ ಇ-1 ಇದನ್ನು ಮೊದಲು ತಂದಿತು. ಕ್ಯಾನನ್ 2006ರಲ್ಲಿ 400ಡಿ ಮೂಲಕ ಬಂತು. ಮುಂದಿನ ಗಾಜನ್ನು ಪೀಜೋ ಪಟ್ಟಿಯಿಂದ (ವಿದ್ಯುತ್ ಕೊಟ್ಟರೆ ನಡುಗುವ ಪಟ್ಟಿ) ಶ್ರವಣಾತೀತ ವೇಗದಲ್ಲಿ ನಡುಗಿಸಿ ಧೂಳು ಉದುರಿಸುವುದು ಇದರ ತತ್ವ. ಕೆಲವು ಮಾದರಿಗಳು ಗಾಜಿನ ಬದಲು ಸ್ಥಿರೀಕರಣಕ್ಕಿರುವ, ಅಂದರೆ ಕೈ ನಡುಕ ಸರಿದೂಗಿಸಲು ಇರುವ ಮೋಟಾರಿನಿಂದ ಸೆನ್ಸರನ್ನೇ ಅಲ್ಲಾಡಿಸುತ್ತವೆ. ಆ ಅಲುಗಾಟ ನಿಧಾನ, ಫಲವೂ ಕಡಿಮೆ. ಯಾವುದೇ ಇರಲಿ, ಕ್ಯಾಮೆರಾವನ್ನು ಮೇಜಿನ ಮೇಲೆ ನೆಟ್ಟಗೆ ಇಟ್ಟು ನಡೆಸಿ. ಉದುರಿದ ಧೂಳು ಕೆಳಗೆ ಬೀಳಲಿ. ನಾಲ್ಕೈದು ಸಲ ಒಂದರ ಹಿಂದೊಂದು ನಡೆಸಿದ ಮೇಲೂ ಉಳಿದ ಚುಕ್ಕೆ ಕಂಪನಕ್ಕೆ ಬಗ್ಗುವುದಿಲ್ಲ. ತೇವ ಹಿಡಿದು ಅಂಟಿದ ಧೂಳಿನ ಮುಂದೆ ಇದು ಏನೂ ಮಾಡದು.

ಬ್ಲೋವರ್ ಕೆಲಸದ ಬಹುಪಾಲನ್ನು ಮುಗಿಸುತ್ತದೆ, ಆದರೆ ಹಿಡಿಯುವ ರೀತಿ ಸರಿಯಿದ್ದರೆ ಮಾತ್ರ. ಅಂಗೈ ತುಂಬುವ ದೊಡ್ಡ ಉಂಡೆ ಬೇಕು. ಬೆರಳುದ್ದದ ಬ್ರಷ್ ಜೋಡಿಸಿದ ಪುಟ್ಟ ಬ್ಲೋವರಿನ ಗಾಳಿ ಸಾಲದು. ಗಾಳಿಯನ್ನು ಮೂತಿಯಿಂದ ಹೀರದೆ ಹಿಂಬದಿಯ ಕವಾಟದಿಂದ ಹೀರುವಂಥದ್ದೇ ಆರಿಸಿ. ಇಲ್ಲದಿದ್ದರೆ ಕ್ಯಾಮೆರಾದೊಳಗಿನ ಧೂಳನ್ನೇ ಎಳೆದು ಮತ್ತೆ ಅಲ್ಲಿಗೇ ಊದುತ್ತದೆ. ಹೊಸ ಬ್ಲೋವರಿನೊಳಗೆ ರಬ್ಬರಿನ ಪುಡಿ ಇರಬಹುದು: ಆಫ್ ಮಾಡಿದ ಫೋನಿನ ಕಪ್ಪು ಪರದೆಯನ್ನು ಒರೆಸಿ, ಅದರ ಮೇಲೆ ಊದಿ, ಓರೆ ಬೆಳಕಿನಲ್ಲಿ ನೋಡಿದರೆ ತಿಳಿಯುತ್ತದೆ. ಪುಡಿ ಬರುವುದು ನಿಲ್ಲುವವರೆಗೆ ಹೊರಗೆ ಒತ್ತಿ ಖಾಲಿ ಮಾಡಿ.

ಊದುವಾಗ ಕ್ಯಾಮೆರಾದ ಬಾಯಿ ನೆಲದ ಕಡೆಗಿರಲಿ. ಬ್ಲೋವರಿನ ಮೂತಿ ಲೆನ್ಸ್ ಕೂರುವ ಲೋಹದ ಉಂಗುರದ ಆಚೆಗೇ ನಿಲ್ಲಬೇಕು. ಕೈ ಜಾರಿದರೂ ಒಳಗೆ ತಾಗದಷ್ಟು ದೂರ. ಡಿಎಸ್‌ಎಲ್‌ಆರ್ ಆದರೆ ಕನ್ನಡಿ ಕೆಳಗಿರುವಾಗಲೇ ಮೊದಲು ಕನ್ನಡಿಯ ಗೂಡನ್ನು ಊದಿ, ಆಮೇಲೆ ಕ್ಲೀನಿಂಗ್ ಮೋಡ್‌ನಲ್ಲಿ ಕನ್ನಡಿ ಎತ್ತಿ ಸೆನ್ಸರನ್ನು ಊದಿ. ಈ ಕ್ರಮ ತಪ್ಪಿದರೆ ಗೂಡಿನ ಧೂಳೆಲ್ಲ ಸೆನ್ಸರಿಗೆ ಹಾರುತ್ತದೆ. ಹತ್ತು ಹದಿನೈದು ಸಲ ಜೋರಾಗಿ, ಬೇರೆ ಬೇರೆ ಕೋನದಿಂದ ಒತ್ತಿ, ತಕ್ಷಣ ಲೆನ್ಸ್ ಹಾಕಿ ಪರೀಕ್ಷೆಯ ಚಿತ್ರ ತೆಗೆಯಿರಿ.

ಬ್ಲೋವರಿನ ಬದಲು ಬಾಯಲ್ಲಿ ಊದುವುದು ಬೇಡವೇ ಬೇಡ. ಒಣಗಿದ ಎಂಜಲ ಹನಿ ಧೂಳಿಗಿಂತ ಹಟಮಾರಿ. ಡಬ್ಬಿಯಲ್ಲಿ ಬರುವ ಒತ್ತಡದ ಗಾಳಿ ದ್ರವವನ್ನೇ ಚಿಮ್ಮಿಸಿ ಗಾಜಿನ ಮೇಲೆ ಹೆಪ್ಪುಗಟ್ಟಿಸಿ ಕಲೆ ಮಾಡುತ್ತದೆ. ಪಂಕ್ಚರ್ ಅಂಗಡಿಯ ಕಂಪ್ರೆಸರ್ ಗಾಳಿಯಲ್ಲಿ ಎಣ್ಣೆಯೂ ನೀರೂ ಇರುತ್ತವೆ, ಒತ್ತಡ ಶಟರಿನ ರೆಕ್ಕೆಗಳನ್ನು ಮುರಿಯುವಷ್ಟಿರುತ್ತದೆ.

ಜೆಲ್ ಕಡ್ಡಿ ಒಂದು ಪುಟ್ಟ ಮುದ್ರೆಯ ಹಾಗಿರುತ್ತದೆ. ನೇರವಾಗಿ ಇಳಿಸಿ, ಮೆಲ್ಲಗೆ ತಾಗಿಸಿ, ನೇರವಾಗಿ ಎತ್ತಿ, ಜೊತೆಗೆ ಕೊಟ್ಟಿರುವ ಅಂಟುಕಾಗದಕ್ಕೆ ಒತ್ತಿ ಧೂಳು ಕಳೆದು, ಪಕ್ಕದ ಜಾಗಕ್ಕೆ ಹೋಗಬೇಕು. ಉಜ್ಜುವಂತಿಲ್ಲ, ತಿರುಚುವಂತಿಲ್ಲ. ಬ್ಲೋವರಿಗೆ ಬಗ್ಗದ ಒಂದೆರಡು ಚುಕ್ಕೆಗೆ ಇದರಷ್ಟು ಚೊಕ್ಕವಾದ ಸಾಧನ ಇನ್ನೊಂದಿಲ್ಲ: ಕಣವನ್ನು ಎಳೆಯದೆ ಎತ್ತುವುದರಿಂದ ಗೀರು ಬೀಳುವ ಭಯ ಕಡಿಮೆ, ದ್ರವದ ಗೆರೆಗಳೂ ಇಲ್ಲ. ಹೂವಿನ ಪರಾಗವನ್ನೂ ಎತ್ತುತ್ತದೆ. ಆದರೆ ಎಣ್ಣೆಯ ಚುಕ್ಕೆಗೆ ಒತ್ತಿದರೆ ಎಣ್ಣೆ ಜೆಲ್‌ಗೆ ಹತ್ತಿ, ಮುಂದಿನ ಪ್ರತಿ ಒತ್ತಿಗೂ ಒಂದೊಂದು ಚೌಕದ ಮುದ್ರೆ ಬೀಳುತ್ತದೆ. ಸೋನಿ ಕ್ಯಾಮೆರಾಗಳ ಗಾಜಿನ ಲೇಪನಕ್ಕೆ ಸಾಮಾನ್ಯ ಜೆಲ್ ಅಂಟಿನ ಕಲೆ ಬಿಡಬಹುದು. ಅವಕ್ಕೆಂದೇ ಕಡಿಮೆ ಅಂಟಿನ ಬೇರೆ ಕಡ್ಡಿ ಸಿಗುತ್ತದೆ. ತೇಲುವ ಸೆನ್ಸರ್ ಇರುವ, ಅಂದರೆ ಬಾಡಿಯೊಳಗೇ ಸ್ಥಿರೀಕರಣ ಇರುವ ಮಿರರ್‌ಲೆಸ್‌ನಲ್ಲಿ ಕಡ್ಡಿ ಎತ್ತುವಾಗ ಸೆನ್ಸರೂ ಜೊತೆಗೆ ಎಳೆದಂತಾಗುತ್ತದೆ. ಅದು ನಮಗೆ ಸರಿ ಕಾಣಲಿಲ್ಲ. ಅಂಥ ಕ್ಯಾಮೆರಾಕ್ಕೆ ಬ್ಲೋವರ್ ಆದ ಮೇಲೆ ನೇರ ಸ್ವಾಬ್‌ಗೇ ಹೋಗುವುದು ವಾಸಿ.

ಬ್ರಷ್ ವಿಚಾರ ಎರಡೇ ಮಾತು. ನವಿರಾದ ನೈಲಾನ್ ಎಳೆಗಳನ್ನು ಮೋಟಾರಿನಿಂದ ಹೊರಗೆ ಗಿರಗಿರ ತಿರುಗಿಸಿ, ಸ್ಥಾಯಿ ವಿದ್ಯುತ್ ಬರಿಸಿ, ನಿಲ್ಲಿಸಿ, ಆಮೇಲೆ ಗಾಜಿನ ಮೇಲೆ ಒಂದು ಸಲ ಸವರಬೇಕು. ಸೆನ್ಸರಿನ ಅಂಚಿನಲ್ಲಿರುವ ಶಟರ್ ಗ್ರೀಸಿಗೆ ಒಂದು ಎಳೆ ತಾಗಿದರೂ ಸಾಕು, ಮುಂದಿನ ಸವರಿಕೆಯಲ್ಲಿ ಅದು ಗಾಜಿನುದ್ದಕ್ಕೂ ಬಳಿದುಕೊಳ್ಳುತ್ತದೆ, ಆಮೇಲೆ ಸ್ವಾಬ್ ಇಲ್ಲದೆ ಹೋಗುವುದಿಲ್ಲ. ಬ್ರಷ್ ಮಾಡುವ ಒಳ್ಳೆಯ ಕೆಲಸವನ್ನು ಬ್ಲೋವರೇ ಮಾಡುತ್ತದೆ.

ಇನ್ನು ಸ್ವಾಬ್. ಅಂಟಿದ ಧೂಳು, ಪರಾಗ, ಎಣ್ಣೆ, ಒಣಗಿದ ಹನಿ, ಎಲ್ಲಕ್ಕೂ ಕೊನೆಯ ಮದ್ದು ಇದೇ. ಇದರಲ್ಲಿ ಎಲ್ಲವೂ ಅಗಲದ ಮೇಲೆ ನಿಂತಿದೆ. ಫುಲ್‌ಫ್ರೇಮ್ 36×24 ಮಿ.ಮೀ., ಅದಕ್ಕೆ 24 ಮಿ.ಮೀ. ಸ್ವಾಬ್. ಎಪಿಎಸ್-ಸಿ ಸುಮಾರು 23.5×15.6, ಕ್ಯಾನನ್ನಿನಲ್ಲಿ ಇನ್ನೂ ಸ್ವಲ್ಪ ಚಿಕ್ಕದು, ಅದಕ್ಕೆ 16 ಮಿ.ಮೀ. ಮೈಕ್ರೊ ಫೋರ್ ಥರ್ಡ್ಸ್ 17.3×13, ಅದಕ್ಕೆಂದೇ ಬರುವ ಸಣ್ಣದು. ದೊಡ್ಡ ಸೆನ್ಸರಿಗೆ ಚಿಕ್ಕ ಸ್ವಾಬ್ ಬಳಸಿದರೆ ಎರಡು ಪಟ್ಟಿಯಾಗಿ ಒರೆಸಬೇಕು. ನಡುವಿನ ಸೇರುವೆಯಲ್ಲಿ ಗೆರೆ ಉಳಿಯುತ್ತದೆ. ಚಿಕ್ಕ ಸೆನ್ಸರಿಗೆ ದೊಡ್ಡದನ್ನು ತುರುಕಿದರೆ ಸೆನ್ಸರಿನ ಸುತ್ತಲಿನ ಗೋಡೆಯ ಗ್ರೀಸನ್ನು ಎಳೆದು ತರುತ್ತದೆ.

ಬ್ಲೋವರ್ ಬಳಸದೆ ನೇರವಾಗಿ ಸ್ವಾಬ್ ಹಾಕುವುದು ಈ ಕೆಲಸದ ಅತಿ ದೊಡ್ಡ ತಪ್ಪು. ಬಂಡೀಪುರ, ಕಬಿನಿಯ ಸಫಾರಿ ದಾರಿಯಲ್ಲಿ ಏಳುವಂಥ ಮಣ್ಣಿನ ಧೂಳಿನಲ್ಲಿ ಬೆಣಚಿನ ಕಣಗಳಿರುತ್ತವೆ. ಮೋಸ್ ಗಡಸುತನದ ಅಳತೆಯಲ್ಲಿ ಬೆಣಚು 7, ಸಾಮಾನ್ಯ ಗಾಜು ಸುಮಾರು 5.5. ಸ್ವಾಬಿನ ಬಟ್ಟೆ ಗೀರುವುದಿಲ್ಲ, ಅದರಡಿ ಸಿಕ್ಕಿದ ಈ ಕಣ ಗೀರುತ್ತದೆ.

ದ್ರವ ಯಾವುದು? ಸೆನ್ಸರಿಗೆಂದೇ ಮಾಡಿದ ಮೆಥನಾಲ್ ದ್ರವ ಸೆಕೆಂಡುಗಳಲ್ಲಿ ಆವಿಯಾಗಿ ಗೆರೆ ಬಿಡದೆ ಹೋಗುತ್ತದೆ. ಆದರೆ ಅದು ವಿಷ, ಜೊತೆಗೆ ಬೆಂಕಿಗೆ ಬೇಗ ಹತ್ತುತ್ತದೆ. ಮಕ್ಕಳ ಕೈಗೆ ಸಿಗದಂತೆ, ಒಲೆ ದೀಪಗಳಿಂದ ದೂರ ಇಡಿ. ಅಗ್ಗದ ಕಿಟ್‌ಗಳಲ್ಲಿ ಬರುವ ಆಲ್ಕೊಹಾಲ್ ಇಲ್ಲದ ದ್ರವ ನಿಧಾನವಾಗಿ ಒಣಗುತ್ತದೆ, ಎಣ್ಣೆಗೆ ಅಷ್ಟಾಗಿ ಕೆಲಸ ಮಾಡುವುದಿಲ್ಲ. ಒಣ ಧೂಳಿಗಾದರೆ ಅದೂ ಸಾಕು. ಔಷಧಿ ಅಂಗಡಿಯ 70 ಶೇಕಡಾ ಐಸೊಪ್ರೊಪೈಲ್‌ನಲ್ಲಿ ಉಳಿದದ್ದೆಲ್ಲ ನೀರು, ಅದು ಕಲೆ ಬಿಡುತ್ತದೆ. ಸ್ಯಾನಿಟೈಸರ್‌ನಲ್ಲಿ ಗ್ಲಿಸರಿನ್ ಇರುತ್ತದೆ. ಕನ್ನಡಕ ಒರೆಸುವ ದ್ರವ, ಕಿವಿಗೆ ಹಾಕುವ ಹತ್ತಿಕಡ್ಡಿ ಎರಡೂ ದೂರವಿರಲಿ.

ಬ್ಯಾಟರಿ ಪೂರ್ತಿ ಚಾರ್ಜ್ ಆಗಿರಲಿ. ಒರೆಸುವಾಗ ಬ್ಯಾಟರಿ ಮುಗಿದರೆ ಡಿಎಸ್‌ಎಲ್‌ಆರ್‌ನ ಕನ್ನಡಿಯೂ ಶಟರೂ ಸ್ವಾಬಿನ ಮೇಲೆ ಬೀಳುತ್ತವೆ. ಗುಂಡಿ ಒತ್ತಿರುವಷ್ಟು ಹೊತ್ತು ಮಾತ್ರ ಶಟರ್ ತೆರೆದಿರುವ ಬಲ್ಬ್ ಮೋಡ್‌ನಲ್ಲಿ ಗುಂಡಿ ಹಿಡಿದು ಒರೆಸುವುದೂ ಇದೇ ಕಾರಣಕ್ಕೆ ಕೂಡದು. ಮಿರರ್‌ಲೆಸ್‌ಗಳಲ್ಲಿ ಕೆಲವು ಆಫ್ ಮಾಡಿದಾಗ ಶಟರ್ ಮುಚ್ಚಿಕೊಳ್ಳುತ್ತವೆ. ಎದುರಿಗೆ ಕಾಣುವುದು ಹೊಳೆಯುವ ಗಾಜೋ ಮಂಕಾದ ಕಪ್ಪು ರೆಕ್ಕೆಗಳೋ ಎಂದು ನೋಡಿಯೇ ಕೈ ಇಡಿ. ರೆಕ್ಕೆಗಳನ್ನು ಮುಟ್ಟಬಾರದು.

ಸ್ವಾಬಿನ ಪೊಟ್ಟಣವನ್ನು ಬಳಸುವ ಕ್ಷಣದಲ್ಲೇ ಹರಿಯಿರಿ. ತುದಿಯ ಎರಡು ಮೂಲೆಗೆ ಒಂದೊಂದು ಹನಿ, ಫುಲ್‌ಫ್ರೇಮ್ ಆದರೆ ನಡುವೆ ಇನ್ನೊಂದು. ಐದಾರು ಸೆಕೆಂಡು ಹರಡಲು ಬಿಡಿ. ಹನಿಯನ್ನು ನೇರ ಗಾಜಿನ ಮೇಲೆ ಎಂದೂ ಬಿಡಬೇಡಿ, ಅದು ಅಂಚಿನಿಂದ ಫಿಲ್ಟರಿನ ಅಡಿಗೆ ಇಳಿಯಬಹುದು. ಎಡ ಅಂಚಿಗೆ ತುದಿಯನ್ನು ತಾಗಿಸಿ, ಹಿಡಿಕೆಯನ್ನು ಹೋಗುವ ದಿಕ್ಕಿಗೆ ಸ್ವಲ್ಪ ಬಾಗಿಸಿ, ಒಂದೇ ಉಸಿರಿನಲ್ಲಿ ಬಲ ಅಂಚಿನವರೆಗೆ ಎಳೆಯಿರಿ. ಪೆನ್ನು ಹಿಡಿದು ಬರೆಯುವಷ್ಟು ಒತ್ತಡ, ತುದಿ ತುಸು ಬಾಗುವಷ್ಟು. ತೇಲುವ ಸೆನ್ಸರಿಗೆ ಇನ್ನೂ ಹಗುರ. ಎತ್ತಿ, ಹಿಡಿಕೆಯನ್ನು ಎಡಕ್ಕೆ ಬಾಗಿಸಿ, ಬಳಸದ ಇನ್ನೊಂದು ಮುಖದಿಂದ ಬಲ ಅಂಚಿನಿಂದ ಎಡ ಅಂಚಿಗೆ ಎಳೆಯಿರಿ. ಅಷ್ಟೇ, ಸ್ವಾಬನ್ನು ಎಸೆಯಿರಿ. ಉಳಿಸಿ ಇನ್ನೊಮ್ಮೆ ಬಳಸಿದರೆ ಎತ್ತಿದ ಧೂಳನ್ನೇ ಮತ್ತೆ ಹಚ್ಚಿದಂತೆ.

ಮೊದಲ ಸ್ವಾಬ್ ಆದ ಮೇಲೆ ಪರೀಕ್ಷೆಯ ಚಿತ್ರ ಮೊದಲಿಗಿಂತ ಕೆಟ್ಟದಾಗಿ ಕಂಡರೆ ಗಾಬರಿ ಬೇಡ. ನಡುವಿನ ಧೂಳು ಅಂಚಿಗೆ ಸರಿದು ಸಾಲಾಗಿ ನಿಂತಿರುತ್ತದೆ, ಎರಡನೆಯ ಸ್ವಾಬ್ ಅದನ್ನು ತೆಗೆಯುತ್ತದೆ. ಕಾಮನಬಿಲ್ಲಿನ ಬಣ್ಣದ ಗೆರೆಗಳು ಕಂಡರೆ ದ್ರವ ಹೆಚ್ಚಾಗಿದೆ, ಒಂದು ಹನಿ ಕಡಿಮೆ ಮಾಡಿ. ಸ್ವಾಬ್ ಜಾರದೆ ತಡೆತಡೆದು ಹೋದರೆ ದ್ರವ ಸಾಲದು, ಅಲ್ಲಿಗೇ ಎತ್ತಿಬಿಡಿ. ನಾಲ್ಕು ಸ್ವಾಬ್ ದಾಟಿದರೂ ಒಂದೇ ಚುಕ್ಕೆ ಅಲ್ಲೇ ಇದ್ದರೆ ಅದು ಗೀರು ಇರಬಹುದು, ಗಾಜಿನ ಅಡಿಯ ಧೂಳು ಇರಬಹುದು. ಸರ್ವಿಸ್ ಸೆಂಟರಿಗೆ ಕೊಡಿ. ಜೇಡನ ಬಲೆಯಂತೆ ಎಳೆ ಹಬ್ಬಿದ್ದರೆ ಬೂಷ್ಟು, ಅದಕ್ಕೂ ಅಲ್ಲೇ ದಾರಿ. ಒರೆಸಿದ ಕೆಲವೇ ವಾರದಲ್ಲಿ ದುಂಡನೆಯ ಎಣ್ಣೆ ಚುಕ್ಕೆಗಳು ಮತ್ತೆ ಬರುತ್ತಿದ್ದರೆ ಮೂಲ ಹೊರಗಿಲ್ಲ, ಕ್ಯಾಮೆರಾದೊಳಗಿದೆ. 2012ರ ನಿಕಾನ್ ಡಿ600ರಲ್ಲಿ ಇಂಥ ಚುಕ್ಕೆಗಳ ದೂರು ವ್ಯಾಪಕವಾಗಿ, 2013ರ ಫೆಬ್ರವರಿಯಲ್ಲಿ ಕಂಪನಿಯೇ ಸೂಚನೆ ಹೊರಡಿಸಿತ್ತು.

ಎಫ್/22ರಲ್ಲಿ ಮಾತ್ರ ಕಾಣುವ ಒಂದೆರಡು ಮಂಕು ಚುಕ್ಕೆ ಉಳಿದರೆ ಬಿಟ್ಟುಬಿಡಿ. ಪ್ರತಿ ಒರೆಸುವಿಕೆಗೂ ಒಂದಿಷ್ಟು ಅಪಾಯ ಇದ್ದೇ ಇದೆ. ಆ ಚುಕ್ಕೆಯನ್ನು ಎಡಿಟಿಂಗ್‌ನಲ್ಲಿ ಅಳಿಸಲು ಎರಡು ಸೆಕೆಂಡು ಸಾಕು.

ಕೆಲಸ ಮುಗಿಸಿ ಲೆನ್ಸ್ ಹಾಕುವ ಮೊದಲು ಅದರ ಹಿಂಬದಿಯ ಗಾಜನ್ನೂ ಲೋಹದ ಉಂಗುರವನ್ನೂ ಊದಿ. ಬಾಡಿ ಕ್ಯಾಪ್ ಮತ್ತು ಲೆನ್ಸಿನ ಹಿಂದಿನ ಮುಚ್ಚಳದ ಒಳಭಾಗವನ್ನು ತೊಳೆದು ಪೂರ್ತಿ ಒಣಗಿಸಿ. ಬ್ಯಾಗಿನ ತಳದಲ್ಲಿ ಬಿದ್ದಿದ್ದ ಆ ಎರಡು ಮುಚ್ಚಳಗಳಲ್ಲೇ ಮುಂದಿನ ಚುಕ್ಕೆ ಕೂತಿರುತ್ತದೆ.